ಹತ್ತು ತಾಸಿನ ಕೆಲಸಕ್ಕೆ ಹನ್ನೊಂದು ದಿನ: ದಾವಣಗೆರೆಯ ಒಂದು ಮೋಟಾರ್ ರಿಪೇರಿ ಅಂಗಡಿಯ ಪ್ರಕರಣ

ದಾವಣಗೆರೆಯಲ್ಲಿ ನನ್ನ ಸೋದರಮಾವನದು ಒಂದು ಮೋಟಾರ್ ರಿಪೇರಿ ಅಂಗಡಿ ಇದೆ. ಬೋರ್‌ವೆಲ್‌ಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರು, ಪಂಪು, ಸ್ಟಾರ್ಟರ್, ಕೇಬಲ್ ಜಾಯಿಂಟು, ಇಷ್ಟೇ ವ್ಯವಹಾರ. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಭರಮಸಾಗರ, ಎಲ್ಲ ಕಡೆಯಿಂದ ಟ್ರ್ಯಾಕ್ಟರಿನಲ್ಲಿ, ಟಾಟಾ ಏಸ್‌ನಲ್ಲಿ, ಸಣ್ಣದಾದರೆ ಬೈಕಿನಲ್ಲಿ ಇಬ್ಬರ ನಡುವೆ ಇಟ್ಟುಕೊಂಡು ಕೂಡ ಮೋಟಾರ್ ತರುತ್ತಾರೆ. ಕೆಲಸಕ್ಕೆ ಮೋಟಾರಿನ ಒಳಗೆ ತಂತಿ ಸುತ್ತುವ ಇಬ್ಬರು ವೈಂಡರ್, ಬಿಚ್ಚಿ ಜೋಡಿಸುವ ಇಬ್ಬರು ಫಿಟ್ಟರ್, ಒಬ್ಬ ಹೆಲ್ಪರ್ ಹುಡುಗ, ಕೌಂಟರಿನಲ್ಲಿ ಫೋನ್ ನೋಡಿಕೊಂಡು ಬಿಲ್ ಬರೆಯುವ ಒಬ್ಬ ಹುಡುಗಿ. ಎಲ್ಲದಕ್ಕೂ ಮೇಲೆ ಮಾವ. ನಾನು ಅಲ್ಲಿ ಕೆಲಸದವನಲ್ಲ. ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ, ತಿಂಗಳಿಗೊಮ್ಮೆ ಅಂಗಡಿಯ ಲೆಕ್ಕ ತರೋಕೆ ಹೋಗುತ್ತೇನೆ. ಎಂಬಿಎ ಓದುವಾಗ ಪ್ರೊಸೆಸ್ ರಿಡಿಸೈನ್, ಅಂದರೆ ಕೆಲಸ ನಡೆಯುವ ಕ್ರಮವನ್ನೇ ಹೊಸದಾಗಿ ಕಟ್ಟುವುದು, ಅಂತ ಒಂದು ಪೇಪರ್ ಇತ್ತು, ಪಾಸಾಗುವಷ್ಟು ಓದಿ ಮರೆತಿದ್ದೆ. ಅದು ಮತ್ತೆ ನೆನಪಾಗಿದ್ದು ಹೋದ ವರ್ಷ ಮಾರ್ಚ್‌ನಲ್ಲಿ, ಒಬ್ಬ ರೈತರು ಅಂಗಡಿ ಮುಂದೆ ಕೂತು ಏಳಲ್ಲ ಅಂದ ದಿನ.

ಚನ್ನಗಿರಿ ಕಡೆಯ ಅಡಿಕೆ ತೋಟದವರು. ಮೋಟಾರ್ ಕೊಟ್ಟು 12 ದಿನ ಆಗಿತ್ತು. ಮಾವ ಹೇಳಿದ್ದು ನಾಲ್ಕು ದಿನ. "ಸಾವ್ಕಾರ್ರೆ, ಮೂರು ಸಲ ಬಂದು ಹೋದೆ. ಬಸ್ ಚಾರ್ಜೇ ಎಷ್ಟಾತು ಗೊತ್ತೇನ್ರಿ? ತೋಟ ಬಾಡಿ ಹೋಗ್ತೈತೆ" ಅಂದರು. ಕೂಗಾಡಲಿಲ್ಲ. ಬಾಗಿಲಲ್ಲಿ ಮಲಗಿಸಿದ್ದ ಯಾರದೋ ಮೋಟಾರ್ ಮೇಲೆ ಕೂತುಬಿಟ್ಟರು, ಅಷ್ಟೇ. ಅವರ ಮೋಟಾರ್ ಹುಡುಕಿದರೆ, ವೈಂಡಿಂಗ್ ಮುಗಿದು, ಬುಷ್ (ಒಳಗಿನ ಶಾಫ್ಟ್ ತಿರುಗುವ ಬಳೆ) ಬರಲಿ ಅಂತ ಮೂಲೆಯಲ್ಲಿ ನಿಂತಿತ್ತು. ಬುಷ್ ಎರಡು ದಿನ ಮೊದಲೇ ಅದನ್ನು ಕಡೆದು ಕೊಡುವ ಲೇತ್ ಅಂಗಡಿಯಿಂದ ಬಂದು ಕೌಂಟರಿನ ಡ್ರಾಯರ್‌ನಲ್ಲಿ ಬಿದ್ದಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ.

ಅವತ್ತು ಸಂಜೆ ಮಂಡಕ್ಕಿ ಮಿರ್ಚಿ ತರಿಸಿಕೊಂಡು ಎಲ್ಲರೂ ಕೂತೆವು. ಮಾವ ಅಂದರು, ಸೀಸನ್ ಮುಗಿಯೋವರೆಗೆ ಇನ್ನೊಬ್ಬ ವೈಂಡರ್ ಬೇಕು. ಮಾವನ ಮಗ ಅಂದ, ಸಾಫ್ಟ್‌ವೇರ್ ಸರಿಯಾಗಿ ಬಳಸಬೇಕು ಅಪ್ಪಾಜಿ. ಎರಡು ವರ್ಷದ ಹಿಂದೆ ಅವನು ಒಂದು ಟ್ಯಾಬ್ಲೆಟ್ಟೂ ಸರ್ವಿಸ್ ಸೆಂಟರ್ ಸಾಫ್ಟ್‌ವೇರೂ ತಂದಿದ್ದ, ಈಗ ಅದರಲ್ಲಿ ಹೆಲ್ಪರ್ ಹುಡುಗ ರೀಲ್ಸ್ ನೋಡುತ್ತಾನೆ. ಕೌಂಟರಿನ ಹುಡುಗಿ ಮೆಲ್ಲಗೆ, "ಇನ್ನೊಂದು ಫೋನ್ ಕೊಟ್ರೆ ಸಾಕು ಸರ್, ಒಂದರಲ್ಲಿ ಆಗ್ತಿಲ್ಲ" ಅಂದಳು. ಮೂರೂ ಮಾತು ಸರಿಯಾಗೇ ಕಾಣುತ್ತಿದ್ದವು. ಜನ ಹೆಚ್ಚಿಸು, ಕಂಪ್ಯೂಟರ್ ಹಾಕು, ಇರೋ ಕೆಲಸವನ್ನೇ ಬೇಗ ಮಾಡು. ಯಾವ ಆಫೀಸಿಗೆ ಹೋದರೂ ಮೊದಲು ಬರುವ ಸಲಹೆಗಳು ಇವೇ ಅಲ್ವಾ. ನಾನು ಅಂದೆ, ಮೊದಲು ಎಣಿಸೋಣ.

ಎಣಿಸಿದಾಗ ಸಿಕ್ಕಿದ್ದು

ಸೋಮವಾರ ಬೆಳಗ್ಗೆ ಬಾಗಿಲು ತೆಗೆಯುತ್ತಲೇ ಸೀಮೆಸುಣ್ಣ ಹಿಡಿದು ಒಂದೊಂದೇ ಮೋಟಾರಿಗೆ ಗುರುತು ಹಾಕುತ್ತಾ ಹೋದೆ. ಒಟ್ಟು 46. ಅದರಲ್ಲಿ ಇನ್ನೂ ಬಿಚ್ಚದೇ ಇದ್ದವು 9. ಬಿಚ್ಚಿ, ರೇಟ್ ಹೇಳಬೇಕು ಅಥವಾ ರೈತರು ಹೂಂ ಅನ್ನಬೇಕು ಅಂತ ಕಾಯುತ್ತಿದ್ದವು 17. ವೈಂಡಿಂಗ್ ಮೇಜಿನ ಮೇಲೆ ಇದ್ದವು ಬರೀ 3. ಲೇತಿಗೆ ಹೋಗಿದ್ದ ಇಲ್ಲವೇ ಸ್ಪೇರ್‌ಗೆ ಕಾಯುತ್ತಿದ್ದವು 6. ಪೂರ್ತಿ ರೆಡಿಯಾಗಿ, ರೈತರು ಬಂದು ತಗೊಂಡು ಹೋಗಲಿ ಅಂತ ಮಲಗಿದ್ದವು 11.

ಮಾವನಿಗೆ ಇದನ್ನು ಹೇಳಿದಾಗ ಮೊದಲು ನಂಬಲಿಲ್ಲ. ಅವರ ಲೆಕ್ಕದಲ್ಲಿ ಅಂಗಡಿ ತುಂಬಾ ವೈಂಡಿಂಗ್ ಬಾಕಿ ಇತ್ತು. ನಿಜ ಏನು ಅಂದರೆ ಬೆಳಗ್ಗೆ ಹತ್ತೂವರೆ ತನಕ ಇಬ್ಬರು ವೈಂಡರ್‌ಗಳಲ್ಲಿ ಒಬ್ಬರು ಟೀ ಕುಡಿಯುತ್ತಾ ಕೂತಿರುತ್ತಿದ್ದರು. ಸುತ್ತ ನಲವತ್ತು ಮೋಟಾರ್ ಇದ್ದರೂ, ಕೈ ಹಾಕಬಹುದು ಅಂತ ಖಾತ್ರಿಯಾದದ್ದು ಒಂದೂ ಇರುತ್ತಿರಲಿಲ್ಲ. ಮೂರನೇ ವೈಂಡರ್ ಬಂದಿದ್ದರೆ ಅವನೂ ಟೀ ಕುಡಿಯುತ್ತಿದ್ದ.

ಹಳೇ ಬಿಲ್ ಬುಕ್ ನೋಡಿದೆ, ದಿನಕ್ಕೆ ಸರಾಸರಿ ನಾಲ್ಕು ಮೋಟಾರ್ ಹೊರಗೆ ಹೋಗುತ್ತಿದ್ದವು. ಒಳಗೆ 46, ದಿನಕ್ಕೆ 4 ಹೊರಗೆ. ಭಾಗಿಸಿದರೆ ಹನ್ನೊಂದೂವರೆ ದಿನ. ಇದಕ್ಕೆ ಲಿಟಲ್ ನಿಯಮ ಅಂತ ಹೆಸರಿದೆ, 1961ರಲ್ಲಿ ಜಾನ್ ಲಿಟಲ್ ಅನ್ನುವ ಅಮೆರಿಕದ ಪ್ರೊಫೆಸರ್ ಇದನ್ನು ಗಣಿತದಲ್ಲಿ ಸಾಬೀತು ಮಾಡಿದರು. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಬೆಣ್ಣೆ ದೋಸೆ ಹೋಟೆಲಿನ ಒಳಗೆ 40 ಜನ ಇದ್ದು ನಿಮಿಷಕ್ಕೆ ಇಬ್ಬರಂತೆ ಕೈ ತೊಳೆದು ಹೊರಗೆ ಬರುತ್ತಿದ್ದರೆ, ಈಗ ಒಳಗೆ ಹೋದವರು ಹೊರಗೆ ಬರೋಕೆ ಸುಮಾರು 20 ನಿಮಿಷ ಬೇಕು. ದೋಸೆ ಹುಯ್ಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳುವುದೇ ಬೇಡ. ಮಾವ ಪ್ರತಿಯೊಬ್ಬರಿಗೂ "ನಾಲ್ಕು ದಿನ ಗೌಡ್ರೆ" ಅನ್ನುತ್ತಿದ್ದರಲ್ಲ, ಅದು ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಅವರ ತಲೆಯಲ್ಲಿ ಇದ್ದದ್ದು ಕೆಲಸದ ಹೊತ್ತು, ಕಾಯುವ ಹೊತ್ತು ಅಲ್ಲಿ ಇರಲೇ ಇಲ್ಲ.

ಒಂದು ಮೋಟಾರಿನ ಹಿಂದೆ

ಎಣಿಸುವುದು ಒಂದು ದಿನದ ಕೆಲಸ. ಯಾಕೆ ಅಂತ ತಿಳಿಯಲು ಒಂದೇ ಮೋಟಾರಿನ ಹಿಂದೆ ಬೀಳಬೇಕಾಯಿತು. ಟೊಯೋಟಾದಲ್ಲಿ ತೈಚಿ ಓನೊ ಅನ್ನುವವರು ಕಾರ್ಖಾನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸುತ್ತು ಗೆರೆ ಎಳೆದು, ಇದರೊಳಗೆ ನಿಂತು ನೋಡ್ತಾ ಇರು ಅಂತ ಸೂಪರ್‌ವೈಸರ್‌ಗಳನ್ನು ನಿಲ್ಲಿಸುತ್ತಿದ್ದರಂತೆ. ನನಗೆ ನಿಲ್ಲೋಕೆ ಆಗಲ್ಲ, ಸ್ಟೂಲ್ ಹಾಕಿಕೊಂಡೆ. ಆಫೀಸಿಗೆ ಮೂರು ದಿನ ರಜೆ ಹಾಕಿ ಕೂತೆ, ಆಮೇಲಿನದ್ದನ್ನು ದಿನಾ ಸಂಜೆ ಬಂದು ಕೇಳಿ ಬರೆದುಕೊಂಡೆ.

ಜಗಳೂರು ಕಡೆಯ ಒಂದು ಏಳೂವರೆ ಎಚ್‌ಪಿ. ಸೋಮವಾರ ಬೆಳಗ್ಗೆ 10:20ಕ್ಕೆ ಇಳಿಯಿತು. ಹೆಲ್ಪರ್ ಹುಡುಗ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆದು ಸಾಲಿಗೆ ಸೇರಿಸಿದ. ರೈತರು "ಏನಾಗೈತೆ ನೋಡಿ ಫೋನ್ ಮಾಡ್ರಿ" ಅಂತ ಹೇಳಿ ಹತ್ತೂ ಮುಕ್ಕಾಲಿಗೆ ಹೊರಟರು. ಮಂಗಳವಾರ ಮಧ್ಯಾಹ್ನ ಫಿಟ್ಟರ್ ಬಿಚ್ಚಿದರು, ಕರೆಂಟ್ ಸೋರುತ್ತಿದೆಯಾ ಅಂತ ನೋಡುವ ಮೆಗ್ಗರ್ ಹಾಕಿದರು, ವೈಂಡಿಂಗ್ ಹೋಗಿದೆ, ಥ್ರಸ್ಟ್ ಬೇರಿಂಗ್ ಸವೆದಿದೆ, ಬುಷ್ ಎರಡೂ ಹೋಗಿದೆ. ನಲವತ್ತು ನಿಮಿಷದ ಕೆಲಸ. ಬಿಡಿ ಭಾಗಗಳನ್ನು ಒಂದು ತಟ್ಟೆಯಲ್ಲಿ ಇಟ್ಟು ಮಾವನಿಗಾಗಿ ಕಾದರು. ಮಾವ ಅವತ್ತು ಮದುವೆಗೆ ಹರಿಹರಕ್ಕೆ ಹೋಗಿದ್ದರು. ಬುಧವಾರ ಹನ್ನೊಂದೂವರೆಗೆ ಬಂದು, ತಟ್ಟೆ ನೋಡಿ, ರೈತರು ಯಾರ ಕಡೆಯವರು ಅಂತ ವಿಚಾರಿಸಿ ಒಂದು ಅಂಕಿ ಹೇಳಿದರು. ಹುಡುಗಿ ಮೂರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಹೊಲದಲ್ಲಿ ಇರುವವರು ಹಗಲು ಹೊತ್ತು ಫೋನ್ ಎತ್ತುವುದು ಅಷ್ಟರಲ್ಲೇ ಇದೆ. ಗುರುವಾರ ಅವರೇ ಮಾಡಿದಾಗ "ಬುಷ್ ಹಳೇದೇ ನಡೆಯಲ್ವೇನಮ್ಮ?" ಅಂತ ಕೇಳಿದರು. ಅವಳಿಗೆ ಏನು ಗೊತ್ತು. "ಸರ್ ಬಂದ್ಮೇಲೆ ಹೇಳ್ತೀನಿ." ಸಂಜೆ ಮಾವ ಮಾತಾಡಿದರು. ಅಣ್ಣನ್ನ ಕೇಳಿ ಹೇಳ್ತೀನಿ ಅಂದರು. ಶುಕ್ರವಾರ ಹೂಂ ಅಂದರು. ಶನಿವಾರ ವೈಂಡರ್ ಇದನ್ನು ಬಿಟ್ಟು ಒಂದು ಐದು ಎಚ್‌ಪಿ ಎತ್ತಿಕೊಂಡರು. ಭಾನುವಾರ ರಜೆ. ಸೋಮವಾರ ವೈಂಡಿಂಗ್, ಮಂಗಳವಾರ ಬುಷ್ ಲೇತಿಗೆ, ಬುಧವಾರ ವಾಪಸ್, ಗುರುವಾರ ಜೋಡಣೆ, ನೀರು ತುಂಬಿ ಟೆಸ್ಟ್. ರೈತರು ಬಂದಿದ್ದು ಶನಿವಾರ.

ಬಿಚ್ಚಿದ್ದು, ಸುತ್ತಿದ್ದು, ಲೇತು, ಜೋಡಣೆ, ಟೆಸ್ಟು, ಎಲ್ಲ ಸೇರಿ ಕೈ ಆಡಿದ್ದು ಸುಮಾರು ಹತ್ತು ತಾಸು. ವೈಂಡಿಂಗ್ ಒಂದಕ್ಕೇ ಅದರಲ್ಲಿ ಐದಾರು ತಾಸು. ಈ ಮೋಟಾರ್‌ಗಳ ಒಳಗೆ ನೀರು ತುಂಬಿರುತ್ತೆ, ಅದಕ್ಕೇ ಮಾಮೂಲಿ ಎನಾಮಲ್ ತಂತಿ ನಡೆಯಲ್ಲ, ಪ್ಲಾಸ್ಟಿಕ್ ಹೊದಿಕೆ ಇರುವ ತಾಮ್ರದ ತಂತಿಯನ್ನು ಉದ್ದನೆಯ ಸ್ಟೇಟರಿನ (ಮೋಟಾರಿನ ತಿರುಗದ ಭಾಗ) ಒಂದೊಂದು ಕಿಂಡಿಯಲ್ಲೂ ತೂರಿಸಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸುತ್ತು ಎಣಿಸುತ್ತಾ ಕೈಯಲ್ಲೇ ಎಳೆಯಬೇಕು. ಹೊದಿಕೆ ಎಲ್ಲೋ ಒಂದು ಕಡೆ ಗೀರಿದರೆ ಬಾವಿಗೆ ಇಳಿಸಿದ ಮೇಲೆ ಗೊತ್ತಾಗುತ್ತೆ, ಆಗ ಮತ್ತೆ ಪೈಪ್ ಎತ್ತಿಸುವ ಖರ್ಚು ರೈತರ ತಲೆ ಮೇಲೆ. ಅಂಥ ಕೆಲಸವನ್ನು ಅವಸರ ಮಾಡಿ ಅನ್ನುವುದು ಪಾಪ. ಅವಸರ ಮಾಡುವ ಅಗತ್ಯವೂ ಇರಲಿಲ್ಲ. ವಾರದಲ್ಲಿ ನಾಲ್ಕು ದಿನ ನುಂಗಿದ್ದು ತಟ್ಟೆ, ಫೋನು ಮತ್ತು "ಸರ್ ಬರಲಿ".

ಇಲ್ಲಿ ಹುಡುಗಿಗೆ ಇನ್ನೊಂದು ಫೋನ್ ಕೊಡಿಸುವ ಮಾತು ಮತ್ತೆ ಬಂತು. ಆಗ ನಾನು ಮಾವನಿಗೆ ಫೋರ್ಡ್ ಕಂಪನಿಯ ಕಥೆ ಹೇಳಿದೆ. 1980ರ ದಶಕದ ಶುರುವಿನಲ್ಲಿ ಫೋರ್ಡ್‌ನ ಉತ್ತರ ಅಮೆರಿಕದ ಆಫೀಸಿನಲ್ಲಿ, ಮಾಲು ಕೊಟ್ಟವರಿಗೆ ದುಡ್ಡು ಪಾವತಿ ಮಾಡೋಕೇ 500ಕ್ಕೂ ಹೆಚ್ಚು ಜನ ಇದ್ದರು. ಕಂಪ್ಯೂಟರ್ ಹಾಕಿ 400ಕ್ಕೆ ಇಳಿಸೋಣ ಅಂತ ಅವರ ಆಸೆ. ಆಮೇಲೆ ಜಪಾನಿನ ಮಾಜ್ದಾ ನೋಡಿದರೆ ಅಲ್ಲಿ ಅದೇ ಕೆಲಸಕ್ಕೆ ಐದು ಜನ. ಕಂಪನಿ ಚಿಕ್ಕದು, ನಿಜ, ಆದರೂ ಅಷ್ಟು ಅಂತರ ಇರಬಾರದು. ಫೋರ್ಡ್‌ನಲ್ಲಿ ಆರ್ಡರ್ ಚೀಟಿ, ಮಾಲು ಬಂದ ಚೀಟಿ, ಮಾರುವವರ ಬಿಲ್ಲು, ಈ ಮೂರನ್ನೂ ಹೊಂದಿಸುತ್ತಾ, ಹೊಂದದೇ ಇದ್ದದ್ದನ್ನು ಹುಡುಕುತ್ತಾ ಕೂರುವುದೇ ಕೆಲಸವಾಗಿತ್ತು. ಕೊನೆಗೆ ಅವರು ಬಿಲ್ಲನ್ನೇ ತೆಗೆದುಹಾಕಿದರು. ಗೋಡೌನ್ ಬಾಗಿಲಲ್ಲಿ ಮಾಲು ಇಳಿಯುವಾಗಲೇ ಆರ್ಡರ್ ಜೊತೆ ತಾಳೆ ನೋಡು, ಸರಿ ಇದ್ದರೆ ತಗೋ, ದುಡ್ಡು ತಾನಾಗೇ ಹೋಗುತ್ತೆ, ಇಲ್ಲದಿದ್ದರೆ ವಾಪಸ್ ಕಳಿಸು. ಜನ ಮುಕ್ಕಾಲು ಪಾಲು ಕಡಿಮೆಯಾದರು. ಇದನ್ನು ಮೈಕಲ್ ಹ್ಯಾಮರ್ 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದು ಹೆಸರಾದರು. ಅವರು ಹೇಳಿದ್ದು ಇಷ್ಟು: ಹಳೇ ಕೆಲಸವನ್ನೇ ಕಂಪ್ಯೂಟರಿನಲ್ಲಿ ಓಡಿಸಬೇಡಿ, ಆ ಕೆಲಸ ಬೇಕೇ ಅಂತ ಮೊದಲು ಕೇಳಿ.

ಮಾವ ಪೂರ್ತಿ ಕೇಳಿ, "ಫೋರ್ಡ್‌ನೋರು ಉದ್ರಿ ಕೊಡ್ತಿದ್ರೇನೋ ಅಳಿಯ?" ಅಂದರು.

ರೇಟ್ ಯಾಕೆ ಮಾವನೇ ಹೇಳಬೇಕು

ಉದ್ರಿ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಅಷ್ಟಾಗಿ ಇಲ್ಲ. ಆದರೆ ರೇಟ್ ಮಾವನೇ ಹೇಳಬೇಕು ಅನ್ನುವುದು ಎಲ್ಲಿಂದ ಬಂತು ಅಂತ ಕೇಳಿದೆ. ಒಂದು ಸಲ ಕೇಳಿದರೆ "ಮೊದಲಿಂದ್ಲೂ ಹಂಗೇ" ಅಂದರು. ಮೂರನೇ ಸಲಕ್ಕೆ ಕಥೆ ಹೊರಬಂತು. ಹದಿನಾಲ್ಕು ವರ್ಷದ ಹಿಂದೆ ಒಬ್ಬ ಫಿಟ್ಟರ್, ಚೆನ್ನಾಗಿರೋ ಬುಷ್ ಕೆಟ್ಟಿದೆ ಅಂತ ಹೇಳಿ ಹೊಸದಕ್ಕೆ ದುಡ್ಡು ತಗೊಂಡು, ಹಳೇದನ್ನೇ ಹಾಕಿ ಕಳಿಸಿದ್ದ. ಗೊತ್ತಾದಾಗ ಊರವರ ಮುಂದೆ ಮಾವನಿಗೆ ತಲೆ ಎತ್ತೋಕೆ ಆಗಲಿಲ್ಲ. ಅವತ್ತಿಂದ ತಟ್ಟೆ ನೋಡದೆ ರೇಟ್ ಇಲ್ಲ. ಆ ಫಿಟ್ಟರ್ ಬಿಟ್ಟು ಹೋಗಿ ಹನ್ನೆರಡು ವರ್ಷ ಆಗಿದೆ. ಈಗ ಇರುವ ಹಿರಿಯ ಫಿಟ್ಟರ್ ಅಣ್ಣನಿಗೆ ಮಾವನಿಗಿಂತ ಚೆನ್ನಾಗಿ ರೇಟ್ ಗೊತ್ತು, ತಟ್ಟೆ ಇಡುವಾಗಲೇ ಇಷ್ಟಾಗುತ್ತೆ ಅಂತ ನನ್ನ ಕಿವಿಯಲ್ಲಿ ಹೇಳಿದರು, ಮರುದಿನ ಮಾವ ಹೇಳಿದ್ದಕ್ಕೆ ಇನ್ನೂರು ರೂಪಾಯಿಯ ವ್ಯತ್ಯಾಸ ಅಷ್ಟೇ.

ಹಾಗಂತ ಮಾವನ ಭಯ ಸುಳ್ಳು ಅಂತ ನಾನು ಹೇಳಲಾರೆ. ನಂಬಿಕೆಯ ವ್ಯಾಪಾರ ಇದು. ರೈತರಿಗೆ ಒಳಗೆ ಏನು ಹಾಕಿದ್ದಾರೆ ಅಂತ ಕಾಣುವುದೇ ಇಲ್ಲ. ಮಾವನ ಕಣ್ಣು ತೆಗೆಯಬೇಕು ಅಂದರೆ ಅದರ ಜಾಗದಲ್ಲಿ ಬೇರೆ ಯಾರದಾದರೂ ಕಣ್ಣು ಇಡಬೇಕು. ಯಾರದು? ಮೋಟಾರ್ ತಂದ ರೈತರದೇ. ಬೆಳಗ್ಗೆ ಹತ್ತೂವರೆಗೆ ಅವರು ಅಂಗಡಿಯಲ್ಲೇ ಇದ್ದರಲ್ಲ! ನಾವೇ ಅವರನ್ನು ಮನೆಗೆ ಕಳಿಸಿ, ಆಮೇಲೆ ಮೂರು ದಿನ ಫೋನಿನಲ್ಲಿ ಹುಡುಕುತ್ತಿದ್ದೆವು.

ಇನ್ನೊಂದು ಸಲಹೆ ಬಂದಿದ್ದು ಲೇತ್ ಅಜ್ಜನಿಂದ. ನಾವು ಬುಷ್ ಕೊಡುವ ಲೇತ್ ಅಂಗಡಿಯವರು, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅಲ್ಲಿ ಲೇತ್ ಮೆಷಿನ್‌ಗಳನ್ನೇ ತಯಾರಿಸುತ್ತಿದ್ದರು. ಮೋಟಾರ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಾನು ಕಾಗದದ ಮೇಲೆ ಚೌಕ, ಬಾಣ ಎಳೆದು ತೋರಿಸುತ್ತಿದ್ದರೆ ಅವರು ಕನ್ನಡಕ ಏರಿಸಿ ನೋಡಿ, "ಇದಕ್ಕೆ ರೂಟ್ ಕಾರ್ಡ್ ಅಂತಿದ್ವಪ್ಪ. ಮಾಲಿನ ಜೊತೆಗೇ ಕಾರ್ಡ್ ಹೋಗ್ತಿತ್ತು. ಎಲ್ಲಿ ಏನಾತು ಅಂತ ಯಾರನ್ನೂ ಕೇಳೋ ಹಂಗೇ ಇರ್ಲಿಲ್ಲ" ಅಂದರು. ಎಂಬಿಎ ಫೀಸ್ ನೆನೆಸಿಕೊಂಡು ಸುಮ್ನೆ ಇದ್ದೆ.

ಮಾಡಿದ ಬದಲಾವಣೆ

ಏಪ್ರಿಲ್ ಮೊದಲ ವಾರ ಶುರು ಮಾಡಿದೆವು. ಮುಖ್ಯವಾದದ್ದು ಒಂದೇ: ಮೋಟಾರ್ ಇಳಿದ ತಕ್ಷಣ, ರೈತರು ಅಲ್ಲೇ ಇರುವಾಗಲೇ ಬಿಚ್ಚಬೇಕು. ಒಬ್ಬ ಫಿಟ್ಟರ್‌ಗೆ ಬೆಳಗ್ಗೆಯಿಂದ ಮಧ್ಯಾಹ್ನ ಒಂದು ಗಂಟೆವರೆಗೆ ಬೇರೆ ಕೆಲಸವೇ ಇಲ್ಲ. ಬಂದವರಿಗೆ ಬೆಂಚು, ಟೀ. ಮೆಗ್ಗರ್ ಮುಳ್ಳು ಅವರ ಕಣ್ಣ ಮುಂದೆಯೇ ಓಡಬೇಕು, ಸುಟ್ಟ ವೈಂಡಿಂಗ್ ಅವರೇ ಮುಟ್ಟಿ ನೋಡಬೇಕು. ಎಚ್‌ಪಿ ಪ್ರಕಾರ ವೈಂಡಿಂಗ್, ಬುಷ್, ಥ್ರಸ್ಟ್ ರೇಟ್ ಗೋಡೆ ಮೇಲೆ ಬರೆಸಿದೆವು. ಫಿಟ್ಟರ್ ಅದನ್ನೇ ನೋಡಿ ಕಾರ್ಡಿನಲ್ಲಿ ಬರೆಯುತ್ತಾರೆ, ರೈತರು ಸಹಿ ಹಾಕುತ್ತಾರೆ. ಕೆಳಗೆ ಇನ್ನೊಂದು ಸಾಲು: ಒಳಗೆ ಇನ್ನೇನಾದರೂ ಕೆಟ್ಟಿದ್ದರೆ ಇಷ್ಟು ರೂಪಾಯಿವರೆಗೆ ಕೇಳದೆ ಮಾಡಬಹುದು. ಹತ್ತು ಸಾವಿರ ದಾಟಿದರೆ ಮಾತ್ರ ಮಾವನ ಹತ್ತಿರ ಬರಬೇಕು. ತೆಗೆದ ಹಳೇ ಬುಷ್, ಬೇರಿಂಗ್ ಎಲ್ಲವನ್ನೂ ಒಂದು ಕವರಿಗೆ ಹಾಕಿ ಮೋಟಾರಿನ ಜೊತೆಗೇ ವಾಪಸ್ ಕೊಡಬೇಕು. ಹದಿನಾಲ್ಕು ವರ್ಷದ ಹಿಂದಿನ ಫಿಟ್ಟರ್ ಕಥೆಗೆ ಇದೇ ಮದ್ದು ಅಂತ ಹೇಳಿದ ಮೇಲೆ ಮಾವ ಒಪ್ಪಿದ್ದು.

ಹುಡುಗಿಯ ಫೋನ್ ಕೆಲಸ ಹೀಗೆ ಹೆಚ್ಚುಕಡಿಮೆ ಇಲ್ಲವಾಯಿತು. ಎರಡನೇ ಫೋನ್ ಬೇಕಾಗಲಿಲ್ಲ.

ಉಳಿದವು ಸಣ್ಣಪುಟ್ಟವು. ಲೇತಿಗೆ ಹುಡುಗ ಬೇಕಾದಾಗಲೆಲ್ಲ ಓಡುವ ಬದಲು ಹತ್ತಕ್ಕೆ ಮತ್ತು ನಾಲ್ಕಕ್ಕೆ ಮಾತ್ರ, ಬಂದ ಬುಷ್ ಡ್ರಾಯರ್‌ಗೆ ಹೋಗಬಾರದು, ನೇರ ಮೋಟಾರಿನ ತಟ್ಟೆಗೇ ಬೀಳಬೇಕು. ಕಾರ್ಡಿನದ್ದು ಮಾತ್ರ ಒಂದು ಪುಟ್ಟ ರಾಮಾಯಣ. ಮೊದಲು ರಟ್ಟಿನ ಕಾರ್ಡ್ ಮಾಡಿಸಿದೆವು, ನೀರು ಬಿದ್ದು ಎರಡನೇ ದಿನಕ್ಕೆ ಬಾಳೆಎಲೆಯ ಹಾಗೆ ಮೆತ್ತಗಾಯಿತು. ಲ್ಯಾಮಿನೇಷನ್ ಮಾಡಿಸಿದರೆ ಪೆನ್ನು ಹತ್ತಲ್ಲ. ಕೊನೆಗೆ ಹಿರಿಯ ಫಿಟ್ಟರೇ ಹಳೇ ಅಲ್ಯೂಮಿನಿಯಂ ತಗಡು ಕತ್ತರಿಸಿ ನಂಬರ್ ಪಂಚ್ ಮಾಡಿದ ಬಿಲ್ಲೆ ಮಾಡಿದರು. ಬಿಲ್ಲೆ ತಂತಿಯಲ್ಲಿ ಮೋಟಾರಿಗೆ, ಅದೇ ನಂಬರಿನ ಕಾರ್ಡ್ ಗೋಡೆಯ ಮೊಳೆಗೆ. ಗೋಡೆಯಲ್ಲಿ ಐದು ಸಾಲು ಮೊಳೆ: ಬಂದದ್ದು, ಒಪ್ಪಿದ್ದು, ವೈಂಡಿಂಗ್, ಲೇತು, ರೆಡಿ. ಕೆಲಸ ಮುಂದೆ ಹೋದಂತೆ ಕಾರ್ಡೂ ಮುಂದಿನ ಸಾಲಿಗೆ. ಮಾವನ ಮಗ ಇದನ್ನು ನೋಡಿ, ಸಾಫ್ಟ್‌ವೇರಿನಲ್ಲೂ ಇದೇ ಇತ್ತಲ್ಲ ಅಂದ. ಇತ್ತು. ಆದರೆ ಅದರಲ್ಲಿ ತುಂಬುತ್ತಿದ್ದದ್ದು ಸಂಜೆ ಆರಕ್ಕೆ, ಹುಡುಗಿ, ಎಲ್ಲರನ್ನೂ ಕೇಳಿ ಕೇಳಿ. ಕೆಲಸ ಮಾಡುವವರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ, ಅವಳಿಗೆ ಎರಡು ಪಟ್ಟು ಬರೆಯುವ ಕೆಲಸ ಮಾತ್ರ.

ಕೈ ಕೊಟ್ಟದ್ದು

ಮೊದಲ ವಾರ ಗೊಂದಲವೋ ಗೊಂದಲ. ರೈತರು ಬರುವುದು ಹತ್ತರಿಂದ ಹನ್ನೆರಡರೊಳಗೆ, ಒಟ್ಟಿಗೇ. ಒಬ್ಬ ಫಿಟ್ಟರ್ ಎರಡು ತಾಸಿನಲ್ಲಿ ಮೂರು ಬಿಚ್ಚಬಹುದು, ಒಂದು ದಿನ ಏಳು ಬಂದವು. ಬೆಂಚಿನ ಮೇಲೆ ಜಾಗ ಇಲ್ಲ, ಟೀ ಅಂಗಡಿಯವನಿಗೆ ಮಾತ್ರ ಹಬ್ಬ. ಇಬ್ಬರು ಬೈದು ಹೋದರು. ಆಮೇಲೆ ಹೀಗೆ ಮಾಡಿದೆವು: ಮೆಗ್ಗರ್ ಎಲ್ಲರದಕ್ಕೂ ತಕ್ಷಣ, ಅದಕ್ಕೆ ಐದು ನಿಮಿಷ ಸಾಕು. ವೈಂಡಿಂಗ್ ಹೋಗಿದೆ ಅಂತ ಅಲ್ಲೇ ಗೊತ್ತಾದರೆ ದೊಡ್ಡ ಖರ್ಚು ಅದೇ, ಅದಕ್ಕೆ ಒಪ್ಪಿಗೆ ತಗೊಂಡು ಕಳಿಸಬಹುದು. ಕಾಯೋಕೆ ಮನಸ್ಸಿದ್ದವರದ್ದು ಮಾತ್ರ ಬಿಚ್ಚಿ ತೋರಿಸುವುದು.

ಗೋಡೆಯ ರೇಟ್ ಬೋರ್ಡ್ ಎಂಟೇ ದಿನ ಬಾಳಿತು. ಪಕ್ಕದ ರಸ್ತೆಯ ಇನ್ನೊಂದು ಅಂಗಡಿಯವರು ಯಾರನ್ನೋ ಕಳಿಸಿ ಫೋಟೋ ತೆಗೆಸಿಕೊಂಡು, ಎಲ್ಲದರಲ್ಲೂ ಇನ್ನೂರು ಕಡಿಮೆ ಹೇಳತೊಡಗಿದರು. "ನಾನೇನ್ ಹೇಳಿದ್ದೆ?" ಅಂತ ಮಾವ ಕುದಿದರು. ಅವರು ಹೇಳಿದ್ದು ನಿಜವೇ, ಬರೆಸುವ ದಿನವೇ ಬೇಡ ಅಂದಿದ್ದರು. ಬೋರ್ಡ್ ಅಳಿಸಿ ಅದೇ ರೇಟಿನ ಹಾಳೆಯನ್ನು ಕೌಂಟರ್ ಗಾಜಿನ ಕೆಳಗೆ ಇಟ್ಟೆವು. ಕೇಳಿದವರಿಗೆ ತೋರಿಸುವುದು.

ನಾನು ಪೂರ್ತಿ ಎಡವಿದ್ದು ಹಿರಿಯ ವೈಂಡರ್ ವಿಷಯದಲ್ಲಿ. ಅವರಿಗೆ ಪೀಸ್ ಲೆಕ್ಕದ ಕೂಲಿ. ಒಪ್ಪಿಗೆ ಬೇಗ ಸಿಕ್ಕರೆ ಕೈಗೆ ಕೆಲಸ ಜಾಸ್ತಿ, ದುಡ್ಡು ಜಾಸ್ತಿ, ಖುಷಿಯಾಗಬೇಕಲ್ವಾ ಅಂದುಕೊಂಡಿದ್ದೆ. ಮೂರನೇ ವಾರ ಅವರು ಕೆಲಸಕ್ಕೇ ಬರಲಿಲ್ಲ. ನಾಲ್ಕು ದಿನ. ಮಾವನೇ ಅವರ ಮನೆಗೆ ಹೋಗಿ ಕೇಳಿದಾಗ ವಿಷಯ ತಿಳಿಯಿತು. ಮೊದಲು ಒಪ್ಪಿಗೆ ಸಿಕ್ಕ ಮೋಟಾರ್‌ಗಳಲ್ಲಿ ತಮಗೆ ಸರಿ ಕಂಡದ್ದನ್ನು ಆರಿಸಿಕೊಳ್ಳುತ್ತಿದ್ದರು. ಸಣ್ಣ ಎಚ್‌ಪಿ ಬೇಗ ಮುಗಿಯುತ್ತೆ, ಕೂಲಿ ಅಷ್ಟೇನೂ ಕಡಿಮೆ ಇಲ್ಲ. ಈಗ ಮೊಳೆಯ ಸಾಲಿನ ಪ್ರಕಾರ ಬಂದದ್ದನ್ನು ಬಂದ ಹಾಗೆ ಎತ್ತಬೇಕು, ಒಂದೇ ದಿನ ಎರಡು ಹತ್ತು ಎಚ್‌ಪಿ ಸಾಲಾಗಿ ಬಂದರೆ ಅವರಿಗೆ ಲುಕ್ಸಾನು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. "ಇಪ್ಪತ್ತೆರಡು ವರ್ಷ ಆತು ಅಣ್ಣಾರೆ. ಈಗ ಗ್ವಾಡಿ ಮೇಲಿನ ಮೊಳೆ ನನಗೆ ಯಾವ್ದು ಮಾಡು ಅಂತ ಹೇಳ್ಬೇಕಾ?" ಅಂದರಂತೆ.

ನನ್ನ ಬಾಣದ ಚಿತ್ರದಲ್ಲಿ ಅವರು ಬರೀ ಒಂದು ಚೌಕ ಆಗಿದ್ದರು. ಹ್ಯಾಮರ್ ಕೂಡ 1996ರ ಹೊತ್ತಿಗೆ, ತಾನು ಎಂಜಿನಿಯರ್ ಬುದ್ಧಿಯಲ್ಲೇ ಯೋಚಿಸಿ ಮನುಷ್ಯರ ಕಡೆ ಸಾಕಷ್ಟು ಗಮನ ಕೊಡಲಿಲ್ಲ ಅಂತ ಪತ್ರಿಕೆಯವರ ಮುಂದೆ ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಅವರ ಮಾತಿನ ಹೆಸರಿನಲ್ಲಿ ಎಷ್ಟೋ ಕಂಪನಿಗಳು ಜನರನ್ನು ಮನೆಗೆ ಕಳಿಸಿ ಆಗಿತ್ತು. ಅದನ್ನೂ ನಾನು ಪರೀಕ್ಷೆಗೆ ಓದಿದ್ದೆ, ಐದು ಅಂಕದ ಪ್ರಶ್ನೆಗೆ.

ಹತ್ತು ಎಚ್‌ಪಿಗೆ ಕೂಲಿ ಹೆಚ್ಚಿಸಿದೆವು. ಜೊತೆಗೆ, ಒಪ್ಪಿದ ಸಾಲಿನ ಮೊದಲ ಮೂರು ಕಾರ್ಡಿನಲ್ಲಿ ಯಾವುದು ಬೇಕಾದರೂ ವೈಂಡರ್ ಆರಿಸಿಕೊಳ್ಳಬಹುದು ಅಂತ ಮಾಡಿದೆವು. ಲೆಕ್ಕದ ಪ್ರಕಾರ ಅದು ಕ್ರಮ ತಪ್ಪಿದ್ದು, ಯಾವುದೋ ಒಂದು ಅರ್ಧ ದಿನ ಹಿಂದೆ ಬೀಳಬಹುದು. ಬೀಳಲಿ. ಅವರು ವಾಪಸ್ ಬಂದರು.

ಮತ್ತೆ ಎಣಿಸಿದಾಗ

ಮೇ ಎರಡನೇ ವಾರ ಮತ್ತೆ ಸೀಮೆಸುಣ್ಣ ಹಿಡಿದೆ. ಬೇಕು ಅಂತಲೇ ಮಳೆಗೆ ಮೊದಲು. ಮಳೆ ಹಿಡಿದರೆ ಮೋಟಾರ್ ಬರುವುದೇ ಕಡಿಮೆ, ಆಗ ಅಂಗಡಿ ಖಾಲಿ ಕಂಡರೆ ಅದು ಮೋಡದ ಸಾಧನೆ, ನಮ್ಮದಲ್ಲ. ಒಟ್ಟು 24 ಇದ್ದವು. ಬಿಚ್ಚದವು 3, ಒಪ್ಪಿಗೆಗೆ ಕಾಯುವವು 4, ವೈಂಡಿಂಗ್ ಮೇಜಿನಲ್ಲಿ 4, ಲೇತು ಮತ್ತು ಸ್ಪೇರ್ 4, ರೆಡಿ ಇರುವವು 9. ದಿನಕ್ಕೆ ಐದರ ಹತ್ತಿರ ಹೊರಗೆ ಹೋಗುತ್ತಿದ್ದವು. ಅಂದರೆ ಐದು ದಿನ. ಮಾವನ ನಾಲ್ಕು ದಿನಕ್ಕೆ ಇನ್ನೂ ಒಂದು ದಿನ ಬಾಕಿ, ಆದರೆ ಜಗಳ ಆಗುವಷ್ಟು ಅಲ್ಲ. ಒಬ್ಬ ಕೆಲಸಗಾರನೂ ಹೆಚ್ಚಾಗಲಿಲ್ಲ, ಯಾರೂ ಹೋಗಲಿಲ್ಲ.

ಆ 9 ನೋಡಿ. ಮಾರ್ಚ್‌ನಲ್ಲಿ 11 ಇದ್ದದ್ದು 9 ಆಗಿದೆ, ಅಷ್ಟೇ. ಅಲ್ಲಿ ನಾವು ಏನೂ ಸಾಧಿಸಲಿಲ್ಲ. ಅಡ್ವಾನ್ಸ್ ತಗೊಳ್ಳಿ, ಅರ್ಧ ದುಡ್ಡು ಕೊಟ್ಟವರು ಬೇಗ ಬರುತ್ತಾರೆ ಅಂತ ನಾನು ಹಟ ಹಿಡಿದಿದ್ದೆ. ಹೊಸಬರ ಹತ್ತಿರ ಮಾವ ತಗೊಂಡರು, ಹಳೇ ಗಿರಾಕಿಗಳ ಹತ್ತಿರ ಕೇಳಲೇ ಇಲ್ಲ. ಒಂದು ದಿನ ನನ್ನ ಎದುರಿಗೇ ಒಬ್ಬರು ಕಾರ್ಡಿಗೆ ಸಹಿ ಹಾಕಿ ಜೇಬಿಗೆ ಕೈ ಹಾಕಿದಾಗ ಮಾವ "ಇರ್ಲಿ ಬಿಡ್ರಿ ಗೌಡ್ರೆ, ಆಮೇಲೆ ನೋಡೋಣ" ಅಂದರು. ಕೇಳಿದ್ದಕ್ಕೆ, ಅವರ ಅಪ್ಪನ ಕಾಲದಿಂದ ನಮ್ಮಲ್ಲಿ ಬರೋದು ಅಂದರು. ರೆಡಿಯಾದ ಮೋಟಾರ್ ದುಡ್ಡು ಹೊಂದದೆ ಮಲಗಿರುತ್ತೆ, ರೈತರಿಗೆ ಕೇಳೋಕೆ ಸಂಕೋಚ, ಮಾವನಿಗೆ ಫೋನ್ ಮಾಡಿಸೋಕೆ ಸಂಕೋಚ. ಇದನ್ನು ಬಾಣ ಎಳೆದು ಬಿಡಿಸೋಕೆ ನನಗೆ ಬರಲಿಲ್ಲ. ಹತ್ತು ಸಾವಿರದ ಮಿತಿಯೂ ಅಷ್ಟೇ, ಪರಿಚಯದವರು ಬಂದರೆ ಎಂಟು ಸಾವಿರದ್ದನ್ನೂ ಮಾವ ಎಳೆದುಕೊಂಡು ನೋಡುತ್ತಾರೆ. ಫಿಟ್ಟರ್ ಅಣ್ಣ ಆಗ ಪೆನ್ನು ಕೆಳಗಿಟ್ಟು ಕಾಯುತ್ತಾರೆ.

ಜೂನ್ ಕೊನೆಗೆ ಲೆಕ್ಕ ತರೋಕೆ ಹೋದಾಗ ಕಾರ್ಡಿನ ಹಿಂದೆ ಹೊಸದೊಂದು ಮನೆ ಕಂಡಿತು. ಹಿರಿಯ ಫಿಟ್ಟರ್ ತಾವೇ ಪೆನ್ನಿನಲ್ಲಿ ಗೆರೆ ಹಾಕಿ "ಫೇಸ್" ಅಂತ ಬರೆದಿದ್ದರು. ಈ ಮೋಟಾರ್‌ಗಳಿಗೆ ಕರೆಂಟ್ ಮೂರು ಫೇಸಿನಲ್ಲಿ, ಅಂದರೆ ಮೂರು ಲೈನಿನಲ್ಲಿ ಬರುತ್ತೆ, ಬಿಚ್ಚಿದಾಗ ಯಾವ ಫೇಸಿನ ಕಾಯಿಲ್ ಸುಟ್ಟಿದೆ ಅಂತ ಅಲ್ಲಿ ಗುರುತು ಹಾಕುತ್ತಿದ್ದಾರೆ. ಸ್ಟಾರ್ ಕನೆಕ್ಷನ್ (ಮೂರೂ ಫೇಸಿನ ಕಾಯಿಲ್‌ಗಳ ಒಂದು ತುದಿಯನ್ನು ಒಟ್ಟಿಗೆ ಸೇರಿಸಿದ್ದು) ಇರುವ ಮೋಟಾರಿನಲ್ಲಿ ಓಡುತ್ತಿರುವಾಗ ಒಂದು ಫೇಸ್ ಹೋದರೆ, ಉಳಿದ ಎರಡು ಫೇಸಿನ ಕಾಯಿಲ್ ಕರಗಿ ಕಪ್ಪಗಾಗಿರುತ್ತವೆ, ಹೋದ ಫೇಸಿನದ್ದು ಮಾತ್ರ ಹೊಸದರ ಹಾಗೇ ಇರುತ್ತೆ. ನೋಡಿದರೆ ಮಗುವಿಗೂ ಗೊತ್ತಾಗುತ್ತೆ. ಅಂಥ ಕಡೆ ಮೋಟಾರ್ ರಿಪೇರಿ ಮಾಡಿದರಷ್ಟೇ ಸಾಲದು, ಸ್ಟಾರ್ಟರ್ ಪೆಟ್ಟಿಗೆಯಲ್ಲಿ, ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸಬೇಕಾದ ಸಿಂಗಲ್ ಫೇಸ್ ಪ್ರಿವೆಂಟರ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ, ಇಲ್ಲವೇ ಯಾರೋ ಅದನ್ನು ಬೈಪಾಸ್ ಮಾಡಿದ್ದಾರೆ. ಅಣ್ಣ ಬರೆದಿಟ್ಟ 31 ಕಾರ್ಡಿನಲ್ಲಿ 9 ಹಾಗಿದ್ದವು. ಅದರಲ್ಲಿ ನಾಲ್ಕು, ನಮ್ಮ ಅಂಗಡಿಯಲ್ಲೇ ಹಿಂದೆ ಒಮ್ಮೆ ವೈಂಡಿಂಗ್ ಆಗಿ ಹೋದವು.

ಮಾವನಿಗೆ ತೋರಿಸಿದೆ. "ಲೇ ಅಳಿಯ, ಮೋಟಾರ್ ಸುಡದಂಗೆ ಮಾಡಿದ್ರೆ ನಾವು ಊಟಕ್ಕೇನ್ ಮಾಡೋಣ?" ಅಂದರು. ಕಾರ್ಡ್ ಮಾತ್ರ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಮುಂದಿನ ಸಲ ಹೋದಾಗ ಕೌಂಟರಿನ ಮೇಲೆ ಸಿಂಗಲ್ ಫೇಸ್ ಪ್ರಿವೆಂಟರ್‌ಗಳ ಒಂದು ಡಬ್ಬ ಇತ್ತು. ಗಾಜಿನ ಕೆಳಗಿನ ಹಾಳೆಯಲ್ಲಿ ಅದರ ಬೆಲೆ ಹುಡುಕಿದೆ, ಇರಲಿಲ್ಲ. ಎಷ್ಟು ಅಂತ ಹುಡುಗಿಯನ್ನು ಕೇಳಿದೆ. "ಸರ್ ಬರಲಿ" ಅಂದಳು.